ಶೂಟಿಂಗ್ ಮುಗಿದ ಮೇಲೆ ಆ ಪ್ರಾಣಿಗಳ ಗತಿ ಏನು?

ನಮಸ್ಕಾರ. ಸಿನಿಮಾ ಶುರುವಾಗೋ ಮುಂಚೆ ಪರದೆ ಮೇಲೆ ಒಂದು ಸಾಲು ಬರುತ್ತಲ್ಲ, ಚಿತ್ರೀಕರಣದಲ್ಲಿ ಯಾವ ಪ್ರಾಣಿಗೂ ಹಿಂಸೆ ಕೊಟ್ಟಿಲ್ಲ ಅಂತ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಇಲ್ಲದೆ ಅಂಥ ಸಿನಿಮಾಗೆ ಸೆನ್ಸಾರ್ ಆಗಲ್ಲ. ಒಳ್ಳೇ ನಿಯಮ, ಇರಲೇಬೇಕು. ಆದರೆ ಅದು ಶೂಟಿಂಗ್ ನಡೆದಷ್ಟು ದಿನದ ಲೆಕ್ಕ ಮಾತ್ರ ಕೇಳುತ್ತೆ. ನೋಡಿ ಖುಷಿಪಟ್ಟ ನಾವು ಆಮೇಲೆ ಆ ಪ್ರಾಣಿಯ ಜಾತಿಗೇ ಏನು ಮಾಡ್ತೀವಿ ಅನ್ನೋದನ್ನ ಕೇಳೋರೇ ಇಲ್ಲ. ಇವತ್ತು ನನ್ನ ಮಾತು ಅದರ ಬಗ್ಗೆ.

2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೆನಪಿದೆಯಾ? ಪುಟ್ಟ ಹುಡುಗ ಹೋದಲ್ಲೆಲ್ಲ ಹಿಂದೆಯೇ ಚಪ್ಪಟೆ ಮೂತಿಯ ಒಂದು ಪಗ್ ನಾಯಿ. ನೋಡೋಕೆ ಎಷ್ಟು ಚೆಂದ! ಅದಾದ ಮೇಲೆ ದೇಶದ ತುಂಬ ಪಗ್ ಮರಿಗೆ ಬೇಡಿಕೆ ಏರಿತು. ಹಚ್ ಕಂಪನಿಯ ಹೆಸರು ಹೋಗಿ ಎಷ್ಟೋ ವರ್ಷ ಆಯ್ತು, ಇವತ್ತಿಗೂ ನಮ್ಮ ಜನ ಅದನ್ನ ಹಚ್ ನಾಯಿ ಅಂತಲೇ ಕರೀತಾರೆ.

ಈಗ ಆ ಮುಖವನ್ನ ಹತ್ತಿರದಿಂದ ನೋಡಿ. ಮೂತಿಯ ಮೂಳೆ ಮೋಟಾಗಿದೆ, ಆದರೆ ಒಳಗಿನ ಮೆದು ಅಂಗುಳ ಅಷ್ಟೇ ಮೋಟಾಗಿಲ್ಲ. ಉಳಿದ ಮಾಂಸ ಗಂಟಲಿಗೆ ಅಡ್ಡ ಬೀಳುತ್ತೆ. ಮೂಗಿನ ಹೊಳ್ಳೆ ಬರೀ ಸೀಳು. ನಾವು ಮುದ್ದು ಅಂತ ವಿಡಿಯೋ ಮಾಡೋ ಆ ಗೊರಕೆ ಇದೆಯಲ್ಲ, ಅದು ಉಸಿರಿಗಾಗಿ ಪಡೋ ಪಾಡು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸ್ಕೋಬೇಕು. ಗಾಳಿ ಹೋಗೋ ದಾರಿಯೇ ಇಕ್ಕಟ್ಟಾಗಿರೋ ಪ್ರಾಣಿ ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟೋ ಬಿಸಿಲಲ್ಲಿ ಏನು ಮಾಡಬೇಕು? ಇದರ ಜೊತೆಗೆ ಉಬ್ಬಿದ ಕಣ್ಣಿಗೆ ಹುಣ್ಣು, ಮುಖದ ಮಡಿಕೆಗಳಲ್ಲಿ ಸೋಂಕು. ಆರೋಗ್ಯದ ವಿಷಯದಲ್ಲಿ ಪಗ್ ಅನ್ನ ಇನ್ನು ಮಾಮೂಲಿ ನಾಯಿ ಅಂತ ನೋಡೋಕಾಗಲ್ಲ ಅಂತ 2022ರಲ್ಲಿ ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರೇ ಹೇಳಿದ್ರು.

ಕರಡಿ ಕುಣಿಸೋ ಕಾಲದಲ್ಲಿ ಕ್ರೌರ್ಯ ಕಣ್ಣಿಗೆ ಕಾಣ್ತಿತ್ತು. ಮೂತಿಗೆ ತೂತು ಕೊರೆದು ಪೋಣಿಸಿದ ಹಗ್ಗ ಎದುರಿಗೇ ಇತ್ತು. ಕಾನೂನು ಬಂತು, ಕಲಂದರ್ ಕುಟುಂಬಗಳಿಗೆ ಬೇರೆ ಕಸುಬು ಕಲಿಸೋ ಕೆಲಸವೂ ನಡೀತು. ಕೊನೆಯ ಕುಣಿಯೋ ಕರಡಿ ಅಂತ ಹೇಳೋ ರಾಜು 2009ರಲ್ಲಿ ನಮ್ಮ ಬನ್ನೇರುಘಟ್ಟಕ್ಕೇ ಬಂದು ಸೇರಿತು. ಪಗ್ ಕತ್ತಿಗೆ ಅಂಥ ಹಗ್ಗ ಇಲ್ಲ. ಅದರ ನೋವು ಹುಟ್ಟಿನಲ್ಲೇ ಬಂದಿದ್ದು, ದುಡ್ಡು ಕೊಟ್ಟು ಅದನ್ನ ಬೆಳೆಸಿದ್ದು ನಾವು.

ಮೊಬೈಲ್ ಬಂದ ಮೇಲೆ ಈ ಹುಚ್ಚು ಕಾಡಿಗೂ ಹಬ್ಬಿತು. ಸ್ಲೋ ಲೋರಿಸ್ ಅನ್ನೋ ಪ್ರಾಣಿ, ನಮ್ಮ ತುಮಕೂರು ಕಡೆ ಸಿಗೋ ಕಾಡುಪಾಪದ ನೆಂಟ. ಕಚಗುಳಿ ಇಟ್ಟಾಗ ಎರಡೂ ಕೈ ಮೇಲೆತ್ತೋ ಅದರ ವಿಡಿಯೋವನ್ನ ಲಕ್ಷಾಂತರ ಜನ ನೋಡಿದ್ರು. ಅದು ಖುಷಿಗೆ ಕೈ ಎತ್ತಿದ್ದಲ್ಲ. ತೋಳಿನ ಗ್ರಂಥಿಯ ದ್ರವ ಜೊಲ್ಲಿಗೆ ಬೆರೆತರೆ ವಿಷ ಆಗುತ್ತೆ, ಹೆದರಿದಾಗ ಅದಕ್ಕಿರೋ ಆಯುಧ ಅದೊಂದೇ, ಆ ಗ್ರಂಥಿಗೆ ಬಾಯಿ ತಾಗಿಸೋಕೇ ಕೈ ಎತ್ತೋದು. ಕಚ್ಚದೇ ಇರಲಿ ಅಂತ ಮಾರೋರು ಹಲ್ಲನ್ನೇ ಕತ್ತರಿಸ್ತಾರೆ.

ಹಾಗಂತ ಪ್ರಾಣಿಗಳನ್ನ ತೋರಿಸಲೇಬಾರದಾ? ನಾನು ಹಾಗನ್ನಲ್ಲ. 2022ರ 777 ಚಾರ್ಲಿ ನೋಡಿ. ಒಂದೇ ರಕ್ತದ ನಾಯಿಗಳನ್ನ ಕೂಡಿಸಿ ಮರಿ ಹಾಕಿಸೋ ದಂಧೆಯನ್ನ ಆ ಸಿನಿಮಾ ಕಥೆಯೊಳಗೇ ತಂದಿತು. ಕನ್ನಡದಲ್ಲಿ ಅಂಥದ್ದು ಬಂತು ಅಂತ ನನಗೆ ಹೆಮ್ಮೆ. ಆದರೆ ಅದನ್ನ ನೋಡಿ ಅತ್ತು ಹೊರಗೆ ಬಂದೋರು ಲ್ಯಾಬ್ರಡಾರ್ ಮರಿಗೆ ಎಷ್ಟು ರೇಟು ಅಂತ ಕೇಳಿದ್ರೆ ಸಿನಿಮಾ ಮಾಡಿದ್ದೇ ದಂಡ. ಪರದೆ ಮೇಲೆ ಮಿಂಚಿದ ತಳಿಯ ಹುಚ್ಚು ಹತ್ತು ವರ್ಷದವರೆಗೂ ಉಳಿಯಬಲ್ಲದು ಅಂತ ಅಮೆರಿಕದ ನಾಯಿ ನೋಂದಣಿಗಳನ್ನ ಪರಿಶೀಲಿಸಿದ 2014ರ ಅಧ್ಯಯನ ಹೇಳುತ್ತೆ.

ಕಾನೂನು ನಂಬ್ಕೊಂಡು ಕೂರೋ ಹಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮರಿ ಮಾರಿದ್ರೆ ಅದರ ಎಷ್ಟು ಪಟ್ಟು ಸಿಗುತ್ತೆ, ನೀವೇ ಯೋಚನೆ ಮಾಡಿ. ಹಾಗಾಗಿ ಜಾಹೀರಾತು ಮಾಡೋರಿಗೆ ನನ್ನ ಕೇಳಿಕೆ ಇದು: ನಾಯಿ ಬೇಕೇ ಬೇಕು ಅಂದ್ರೆ ಬೀದಿನಾಯಿಯನ್ನ ಆರಿಸ್ಕೊಳ್ಳಿ. ಜನ ಅದನ್ನ ಇಷ್ಟಪಟ್ಟರೆ ಬೀದಿಯಲ್ಲಿರೋ ಒಂದಿಷ್ಟು ಮರಿಗಳಿಗೆ ಮನೆ ಸಿಗುತ್ತೆ, ಮಾರೋಕೆ ಅಂತ ಹೊಸ ಮರಿ ಹಾಕಿಸೋ ಅಗತ್ಯ ಬರಲ್ಲ. ಕಾಡುಪ್ರಾಣಿಯನ್ನ ಮನೇಲಿಟ್ಟು ಆಡಿಸೋ ರೀಲ್ ಬಂದ್ರೆ ಬೈಯೋಕೂ ಕಾಮೆಂಟ್ ಹಾಕಬೇಡಿ, ಅದರಿಂದ ಇನ್ನಷ್ಟು ಜನಕ್ಕೆ ಹೋಗುತ್ತೆ. ರಿಪೋರ್ಟ್ ಮಾಡಿ, ಮುಂದೆ ಹೋಗಿ.

ಈಗಾಗಲೇ ಪಗ್ ಸಾಕಿರೋರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲು ಇಳಿದ ಮೇಲೆ ವಾಕಿಂಗ್ ಕರ್ಕೊಂಡು ಹೋಗಿ. ಕತ್ತಿಗೆ ಪಟ್ಟಿ ಬೇಡ, ಎದೆಗೆ ಕಟ್ಟೋ ಬೆಲ್ಟ್ ಹಾಕಿ. ತೂಕ ಏರೋಕೆ ಬಿಡಬೇಡಿ. ಗೊರಕೆ ಜಾಸ್ತಿ ಆದ್ರೆ ವೈದ್ಯರಿಗೆ ತೋರಿಸಿ. ಮತ್ತೆ ಕೈಮುಗಿದು ಕೇಳ್ತೀನಿ, ಅದರಿಂದ ಮರಿ ಮಾತ್ರ ಹಾಕಿಸಬೇಡಿ.