ಬೂಮರ್ ಅಂತೆ, ಜೆನ್ ಝೀ ಅಂತೆ: ಯಾರ ಊರಿನ ಲೆಕ್ಕ ಇದು?

ನಮಸ್ಕಾರ, ಎಲ್ಲರೂ ಆರಾಮಾ?

ಹಿಂದಿನ ವಿಡಿಯೋದಲ್ಲಿ ನಾನು ಒಂದೇ ಒಂದು ಮಾತು ಹೇಳಿದ್ದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಮೇಲೆ ಡ್ರೋನ್ ಹಾರಿಸಬೇಡಿ, ಎಲೆಯಲ್ಲಿರೋ ಹಪ್ಪಳ ಹಾರಿಹೋಗುತ್ತೆ ಅಂತ. ಅದಕ್ಕೆ ಒಬ್ಬ ಮಹಾನುಭಾವರು ಕೆಳಗೆ ಬರೆದಿದ್ದಾರೆ: "ಓಕೆ ಬೂಮರ್." ಅಂದರೆ, ಆಯ್ತು ಹಳೇ ಕಾಲದವರೇ, ಸುಮ್ಮನಿರಿ ಅಂತ. ಅದಕ್ಕೆ ಲೈಕ್ ಬೇರೆ ಸುರಿದಿವೆ. ನನ್ನ ವಿಡಿಯೋಗೂ ಅಷ್ಟು ಬಂದಿಲ್ಲ.

ಸ್ವಾಮಿ, ನಾನು ಹುಟ್ಟಿದ್ದು 1983ರಲ್ಲಿ. ಅಮೆರಿಕದವರ ಲೆಕ್ಕ ಹಿಡಿದರೂ ಬೂಮರ್ ಅಂದರೆ 1946ರಿಂದ 1964ರವರೆಗೆ ಹುಟ್ಟಿದವರು. ಆಮೇಲೆ 1980ರ ತನಕ ಜೆನ್ ಎಕ್ಸ್. 1981ರಿಂದ 96 ಮಿಲೇನಿಯಲ್. 97ರಿಂದ 2012 ಜೆನ್ ಝೀ. ನಾನು ಮಿಲೇನಿಯಲ್. ಬೈಯೋದಾದರೂ ಲೆಕ್ಕ ಸರಿಯಾಗಿ ಹಾಕಿ ಬೈಯಿರಿ.

ಆದರೆ ನನ್ನ ತಕರಾರು ಅದಲ್ಲ. ಈ ಲೆಕ್ಕವೇ ನಮ್ಮದಲ್ಲ ಅನ್ನೋದು ನನ್ನ ತಕರಾರು. ನಾವು ಎಂಥವರು ಅಂತ ಹುಟ್ಟಿದ ವರ್ಷ ನೋಡಿ ಹೇಳೋಕಾಗಲ್ಲ. ನಮ್ಮ ಮನೆಗೆ ಯಾವ ವಸ್ತು ಯಾವಾಗ ಬಂತು, ಅದನ್ನು ಕೇಳಬೇಕು. ಇವತ್ತಿನ ಎಪಿಸೋಡ್ ಇಷ್ಟೇ. ಅರ್ಜೆಂಟ್ ಇರೋರು ಸಬ್‌ಸ್ಕ್ರೈಬ್ ಮಾಡಿ ಹೊರಡಬಹುದು.

ಉಳಿದವರು ಕೇಳಿ. 1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಅಮೆರಿಕದ ಸೈನಿಕರು ಮನೆಗೆ ಬಂದರು, ಮದುವೆಯಾದರು. ಮನೆ ಕಟ್ಟೋಕೆ, ಕಾಲೇಜು ಓದೋಕೆ ಸರ್ಕಾರ ನೆರವು ಕೊಟ್ಟಿತು. ಮಕ್ಕಳು ಸಾಲುಸಾಲಾಗಿ ಹುಟ್ಟಿದರು. ಅರವತ್ತರ ದಶಕದ ಮಧ್ಯಕ್ಕೆ ಆ ಭರಾಟೆ ಇಳಿಯಿತು. ಬೂಮ್ ಅಂದರೆ ಅದು. ನಮ್ಮಲ್ಲಿ ಆಗ ಏನಿತ್ತು? 1943ರಲ್ಲಿ ಬಂಗಾಳದಲ್ಲಿ ಬರಗಾಲ. 1947ರಲ್ಲಿ ದೇಶ ಎರಡು ಹೋಳು. ಬೀದರ್, ಕಲಬುರಗಿ, ರಾಯಚೂರಿನವರಿಗೆ ನಿಜಾಮನ ಆಡಳಿತ ಮುಗಿದಿದ್ದೇ 1948ರ ಸೆಪ್ಟೆಂಬರ್‌ನಲ್ಲಿ. ಆ ಗಲಾಟೆಯಲ್ಲಿ ಕೂಸು ಎತ್ತಿಕೊಂಡು ಓಡಿದ ತಾಯಿಗೆ ಹೋಗಿ ಹೇಳಿ ನೋಡೋಣ, "ಅಮ್ಮಾ, ನಿಮ್ಮ ಮಗು ಬೂಮರ್" ಅಂತ. ಇನ್ನು 1964ಕ್ಕೆ ನಮ್ಮಲ್ಲಿ ಮಕ್ಕಳು ಹುಟ್ಟೋದು ಕಮ್ಮಿ ಆಯ್ತಾ? ಎಲ್ಲಿ? ವರ್ಷಕ್ಕೆ ಹುಟ್ಟೋ ಮಕ್ಕಳ ಸಂಖ್ಯೆ ಆಮೇಲೂ ಎಷ್ಟೋ ದಶಕ ಏರುತ್ತಲೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದೇ ಇದು.

ಈಗ ಸಿಟ್ಟಿಗೆ ಎರಡನೇ ಕಾರಣ. ನನ್ನ ಅಕ್ಕನ ಮಗಳು ಹೊರದೇಶಕ್ಕೆ ಓದೋಕೆ ಹೋಗಬೇಕು ಅಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾಳೆ. ಮಾತಾಡೋ ಪರೀಕ್ಷೆಯಲ್ಲಿ ವಿಷಯ ಬರೆದ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಬೇಕು, ಒಂದೆರಡು ನಿಮಿಷ ಮಾತಾಡಬೇಕು. ನಾಲ್ಕು ವಿಷಯ ನೋಡಿ ಅಂಕ ಹಾಕುತ್ತಾರೆ, ಅದರಲ್ಲಿ ಪದಸಂಪತ್ತು ಒಂದು. ಅದಕ್ಕೆ ಕೋಚಿಂಗ್‌ನವರು ಒಂದು ಪಟ್ಟಿ ಉರು ಹೊಡೆಸಿದ್ದಾರೆ. ಜನರೇಷನ್ ಗ್ಯಾಪ್, ಅಂದರೆ ತಲೆಮಾರಿನ ಅಂತರ. ಟೆಕ್ ಸ್ಯಾವಿ, ಫೋನು ಕಂಪ್ಯೂಟರ್ ಚೆನ್ನಾಗಿ ಬಲ್ಲವರು. ಡಿಜಿಟಲ್ ನೇಟಿವ್, ಹುಟ್ಟಿದಾಗಿಂದ ಅವುಗಳ ಜೊತೆಗೇ ಬೆಳೆದವರು. ಸೆಟ್ ಇನ್ ದೇರ್ ವೇಸ್, ಹಳೇ ಅಭ್ಯಾಸ ಬಿಡದವರು. ಕೀಪ್ ಅಪ್ ವಿತ್ ದ ಟೈಮ್ಸ್, ಕಾಲಕ್ಕೆ ತಕ್ಕ ಹಾಗೆ ನಡೆಯೋದು. ಪದಗಳ ಮೇಲೆ ನನಗೆ ಕೋಪ ಇಲ್ಲ, ಅವಳ ವೀಸಾ ಮುಖ್ಯ.

ಹಾಸನದ ಕಡೆ ನಮ್ಮೂರು. ಹಬ್ಬಕ್ಕೆ ಎಲ್ಲರೂ ಹೋಗಿದ್ವಿ. ಹುಡುಗಿ ಜಗಲಿ ಮೇಲೆ ಓಡಾಡುತ್ತಾ ಪ್ರಾಕ್ಟೀಸ್ ಶುರು ಮಾಡಿದಳು: "ಮೈ ಗ್ರ್ಯಾಂಡ್‌ಮದರ್ ಈಸ್ ಸೆಟ್ ಇನ್ ಹರ್ ವೇಸ್. ಶೀ ಈಸ್ ನಾಟ್ ಟೆಕ್ ಸ್ಯಾವಿ." ಆ ಗ್ರ್ಯಾಂಡ್‌ಮದರ್, ಅಂದರೆ ನಮ್ಮವ್ವ, ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ, ಫೋನು ಮೊಳದುದ್ದ ದೂರಕ್ಕೆ. ಡೇರಿ ದುಡ್ಡು ಖಾತೆಗೆ ಬಿದ್ದಿದೆಯಾ ಅಂತ ಮೆಸೇಜ್ ನೋಡಿದರು. ನೋಡಿ, ಮೈಕ್ ಗುರುತು ಒತ್ತಿ ಹಿಡಿದು ಪಕ್ಕದ ಮನೆಯವರಿಗೆ ವಾಯ್ಸ್ ಕಳಿಸಿದರು: "ಅಕ್ಕಾ, ಈ ಸಲ ನಂದು ಫ್ಯಾಟು ಕಮ್ಮಿ ತೋರ್ಸವ್ರೆ. ಡಿಗ್ರಿ ಸರಿಯಾಗೇ ಐತೆ. ನಿಮ್ದೆಷ್ಟು ಬಂತು?" ಫ್ಯಾಟು ಅಂದರೆ ಹಾಲಿನ ಕೊಬ್ಬು, ಡಿಗ್ರಿ ಅಂದರೆ ಹಾಲಿನ ಗಟ್ಟಿತನದ ಅಳತೆ. ಆಮೇಲೆ ಬಿಲ್ಲಿನ ಚೀಟಿಯ ಫೋಟೋ ತೆಗೆದು ಅದನ್ನೂ ಕಳಿಸಿದರು. ನಮ್ಮ ಡಿಜಿಟಲ್ ನೇಟಿವ್ ಅಷ್ಟು ಹೊತ್ತೂ ಚಾರ್ಜರ್ ಹುಡುಕುತ್ತಿದ್ದಳು.

ಅವ್ವನಿಗೆ ಫೋನು ಕಲಿಸಿದ್ದು ಹುಟ್ಟಿದ ವರ್ಷ ಅಲ್ಲ, ಹಾಲಿನ ದುಡ್ಡು. ಮನೆಗೆ ಏನು ಯಾವಾಗ ಬಂತು ಅಂತ ಕೇಳಿ ಅಂದೆನಲ್ಲ, ಇದಕ್ಕೇ. ನಮ್ಮ ಕಡೆಯವರ ನಿಜವಾದ ಗೆರೆ ಎಲ್ಲಿದೆ ಗೊತ್ತಾ? 1974ರಲ್ಲಿ. ಆ ವರ್ಷ ವಿಶ್ವಬ್ಯಾಂಕ್ ನೆರವಿನಲ್ಲಿ ರಾಜ್ಯದಲ್ಲಿ ಹೈನು ಯೋಜನೆ ಶುರುವಾಯಿತು. ಆಮೇಲೆ ಊರೂರಿಗೆ ಡೇರಿ ಬಂತು. ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಅದೇ ವರ್ಷ ಮಾರ್ಚ್ 1ರಿಂದ, ದೇವರಾಜ ಅರಸು ಕಾಲದಲ್ಲಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಡಿಕ್ಲರೇಷನ್ ಹಾಕಿ ಪಡೆದುಕೊಳ್ಳೋ ಕಾನೂನು ಬಂತು. ಧಣಿಯ ಮನೆ ಅಂಗಳದಲ್ಲಿ ಕೈಕಟ್ಟಿ ನಿಂತು ಗೇಣಿ ಅಳೆದವನು ಒಬ್ಬ. ಸ್ವಂತ ಹೊಲದ ಪಹಣಿ ಹಿಡಿದು ಸೊಸೈಟಿಯಲ್ಲಿ ಸಾಲ ಕೇಳಿದವನು ಇನ್ನೊಬ್ಬ. ಅಪ್ಪ ಮಗ ಇಬ್ಬರೂ. ಜನರೇಷನ್ ಗ್ಯಾಪ್ ಬೇಕಾ? ತಗೊಳ್ಳಿ, ಅದು ಗ್ಯಾಪ್. ಅದಕ್ಕೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಯಾವ ಅಕ್ಷರ ಇಟ್ಟಿದ್ದೀರಿ? ಎಕ್ಸಾ, ವೈಯಾ?

ಈಗ ಬರುತ್ತಾರೆ, "ಸರ್, ಹಳೇ ಕಾಲ ಬಿಡಿ. ಈಗಿನ ಹುಡುಗರು ಎಲ್ಲಾ ಕಡೆ ಒಂದೇ. ಒಂದೇ ರೀಲ್ಸ್, ಒಂದೇ ಹಾಡು." ಹೌದಾ? 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಊರಲ್ಲಿ ಅಜ್ಜ, ಅಪ್ಪ, ಮೊಮ್ಮಗ ಮೂವರಿಗೂ ಡೇಟಾ ಬಂದಿದ್ದು ಒಂದೇ ಹೊತ್ತಿಗೆ. ಮೂವರೂ ಹೊಸಬರೇ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬಂದ್ ಆದಾಗ ಹದಿಹರೆಯದವರು ಮಾತ್ರ ಅತ್ತರು ಅಂದುಕೊಂಡಿದ್ದೀರಾ? ನಮ್ಮೂರಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ಡೈಲಾಗ್ ಹೊಡೆಯೋರ ಪೈಕಿ ಅರ್ಧ ಜನ ಮಾವಂದಿರೇ. ಅದೇ ಬೆಂಗಳೂರಿನ ಅಪಾರ್ಟ್‌ಮೆಂಟ್ ಹುಡುಗನಿಗೆ ನಾಲ್ಕನೇ ವಯಸ್ಸಿಗೇ ಐಪ್ಯಾಡ್ ಸಿಕ್ಕಿದೆ. ಯಾದಗಿರಿಯ ಹಳ್ಳಿಯ ಹುಡುಗಿಗೆ ಮೊದಲ ಫೋನು ಸಿಕ್ಕಿದ್ದು ಕೊರೊನಾ ಹೊತ್ತಲ್ಲಿ, ಅದೂ ಅಣ್ಣನ ಜೊತೆ ಹಂಚಿಕೊಂಡು. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. ಇಬ್ಬರೂ ಜೆನ್ ಝೀನಾ? ಯಾವ ಬಾಯಲ್ಲಿ ಹೇಳುತ್ತೀರಿ?

ಇನ್ನೊಬ್ಬರು ಇರುತ್ತಾರೆ, ಡಿಗ್ರಿ ಮಾಡಿದವರು. ಹಾಲಿನ ಡಿಗ್ರಿ ಅಲ್ಲ. "ಸರ್, ಇದು ಸಮಾಜಶಾಸ್ತ್ರ." ಸರಿ, ಬನ್ನಿ. ತಲೆಮಾರಿನ ಬಗ್ಗೆ ಕಾರ್ಲ್ ಮ್ಯಾನ್‌ಹೈಮ್ ಅನ್ನೋ ಸಮಾಜಶಾಸ್ತ್ರಜ್ಞ ದೊಡ್ಡ ಪ್ರಬಂಧ ಬರೆದಿದ್ದು 1928ರಲ್ಲಿ. ಒಂದೇ ವರ್ಷ ಹುಟ್ಟಿದರೆ ಸಾಕಾಗಲ್ಲ, ಒಂದೇ ಅನುಭವ ಆಗಬೇಕು ಅಂದ. 1800ರ ಸುಮಾರಿನ ಪ್ರಶ್ಯದ, ಅಂದರೆ ಜರ್ಮನಿ ಕಡೆಯ ಹಳೇ ರಾಜ್ಯದ, ಉದಾಹರಣೆ ಕೊಟ್ಟ. ಅಲ್ಲಿನ ಪೇಟೆ ಹುಡುಗರೂ ದೂರದ ಹಳ್ಳಿಯ ರೈತರ ಮಕ್ಕಳೂ ಒಂದೇ ವಯಸ್ಸಿನವರಾದರೂ ಅವರದ್ದು ಒಂದೇ ತಲೆಮಾರು ಅಲ್ಲ ಅಂದ. ಅಂದರೆ ಶಾಸ್ತ್ರ ನನ್ನ ಕಡೆ ಇದೆ. ನಾನು ಮೇಲೆ ಹೇಳಿದ ವರ್ಷಗಳ ಪಟ್ಟಿ ಇದೆಯಲ್ಲ, ಅದು ಅಮೆರಿಕದಲ್ಲಿ ಜನರ ಸಮೀಕ್ಷೆ ಮಾಡೋ ಪ್ಯೂ ರಿಸರ್ಚ್ ಸೆಂಟರ್‌ನದು. ಅವರೇ 2023ರಲ್ಲಿ, ಇನ್ನು ಈ ಹೆಸರುಗಳನ್ನು ನೋಡಿಕೊಂಡು ಬಳಸುತ್ತೇವೆ ಅಂತ ಹೇಳಿದರು. ಹೊಲಿದವರೇ ಬಿಚ್ಚಿಡುತ್ತಿದ್ದಾರೆ, ನಾವು ಈಗ ತೊಟ್ಟುಕೊಂಡು ಮೆರೆಯುತ್ತಿದ್ದೇವೆ.

"ಸುಮ್ನೆ ಜೋಕಿಗೆ ಅಂದಿದ್ದು ಗುರು, ಸೀರಿಯಸ್ ಯಾಕೆ?" ಜೋಕಿಗೇ ಆಗಿದ್ದರೆ ನಗುತ್ತಿದ್ದೆ. ಕಂಪನಿಗಳಲ್ಲಿ ಇದನ್ನೇ ಪಿಪಿಟಿ ಮಾಡಿ ಟ್ರೈನಿಂಗ್ ಕೊಡುತ್ತಾರೆ. ಜೆನ್ ಝೀ ಹುಡುಗರಿಗೆ ತಾಳ್ಮೆ ಇಲ್ಲ, ಮಿಲೇನಿಯಲ್‌ಗೆ ಹೊಗಳಿಕೆ ಬೇಕು ಅಂತ. ಯಾವುದೋ ದಿನಭವಿಷ್ಯ ಓದಿದ ಹಾಗೆ. ಅದಕ್ಕಿಂತ ನಮ್ಮ ಊರಿನ ಜೋಯಿಸರು ವಾಸಿ, ಹುಟ್ಟಿದ ಗಳಿಗೆನಾದರೂ ಕೇಳುತ್ತಾರೆ. ಇವರಿಗೆ ಹದಿನಾರು ವರ್ಷಕ್ಕೆಲ್ಲ ಒಂದೇ ರಾಶಿ!

ಅಂದಹಾಗೆ, ಈ ಎಪಿಸೋಡ್‌ಗೆ ಪ್ರಾಯೋಜಕರು ಯಾರೂ ಇಲ್ಲ. ಯಾರಾದರೂ ಹಪ್ಪಳದವರು ನೋಡುತ್ತಿದ್ದರೆ ಮೇಲ್ ಮಾಡಿ. ಕೆಳಗೆ ಮಗ್ ಮಾರಾಟಕ್ಕಿದೆ. ಮಗ್ ಮೇಲೆ "ರಿಜ್" ಅಂತ ಬರೆಸೋಣ ಅಂತ ಎಡಿಟರ್ ಅಂದರು. ಅಂದರೆ ಜನರನ್ನು ಸೆಳೆಯೋ ಮೋಡಿ; ಅದು ಆಕ್ಸ್‌ಫರ್ಡ್ ನಿಘಂಟಿನವರ 2023ರ ವರ್ಷದ ಪದ. ಪ್ರಿಂಟ್‌ಗೆ ಕೊಡೋ ಹೊತ್ತಿಗೆ 2024 ಬಂದು "ಬ್ರೈನ್ ರಾಟ್" ಆಯಿತು, ಅಂದರೆ ಮಿದುಳು ಕೊಳೆಯೋದು. ಹುಡುಗರು ಅದನ್ನು ತಮ್ಮದೇ ಪದ ಅಂದುಕೊಂಡಿದ್ದಾರೆ. ಅದು 1854ರಲ್ಲೇ ಅಮೆರಿಕದಲ್ಲಿ ಅಚ್ಚಾಗಿತ್ತು ಕಣ್ರಪ್ಪಾ. ಆಗ ಬೂಮರ್‌ಗಳ ಅಜ್ಜನೂ ಹುಟ್ಟಿರಲಿಲ್ಲ. ಕೊನೆಗೆ ಮಗ್ ಮೇಲೆ "ಕಾಫಿ" ಅಂತ ಬರೆಸಿದ್ವಿ. ಚೆನ್ನಾಗಿ ಹೋಗ್ತಿದೆ.

ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಪಾಯಿಂಟ್ ಇದೆ. ಒಂದು ಜೆನ್ ಆಲ್ಫಾ, ಅಂದರೆ ಜೆನ್ ಝೀ ಆದಮೇಲೆ ಹುಟ್ಟಿದವರ ಬಗ್ಗೆ. ಓದಲ್ಲ. ಆ ಹೆಸರು ಇಟ್ಟಿದ್ದು ಆಸ್ಟ್ರೇಲಿಯಾದ ಒಬ್ಬರು, ಇಂಗ್ಲಿಷ್ ಅಕ್ಷರ ಮುಗಿದಿದ್ದಕ್ಕೆ ಗ್ರೀಕ್‌ಗೆ ಹೋದರು, ಅಷ್ಟೇ ವಿಷಯ. ಇನ್ನೊಂದು ಪಾಯಿಂಟ್ ನನ್ನ ಕೈಬರಹ ನನಗೇ ತಿಳಿಯುತ್ತಿಲ್ಲ. ಏನೇ ಇರಲಿ, ವರ್ಷ ಕೇಳಬೇಡಿ! ಮನೆಗೆ ಏನು ಬಂತು ಕೇಳಿ! ಎಷ್ಟು ಸಲ ಹೇಳಬೇಕು?

ಕಾಮೆಂಟ್‌ನಲ್ಲಿ ಬರೆಯಿರಿ, ನಿಮ್ಮ ಮನೆಗೆ ಮೊದಲು ಬಂದಿದ್ದು ಯಾವುದು? ಗ್ಯಾಸಾ, ಟಿವಿನಾ, ಫೋನಾ? ಕರೆಂಟ್‌ಗಿಂತ ಮೊದಲು ಟಿವಿ ತಂದು, ಟ್ರ್ಯಾಕ್ಟರ್ ಬ್ಯಾಟರಿಗೆ ಕಟ್ಟಿ ನೋಡಿದವರು ಯಾರಾದರೂ ಇದ್ದರೆ ನಂಬರ್ ಕಳಿಸಿ. ಮುಂದಿನ ಎಪಿಸೋಡ್‌ಗೆ ನೀವೇ ಗೆಸ್ಟ್. ಬಸ್ ಚಾರ್ಜು ನಿಮ್ಮದು, ಬನ್ನು ಟೀ ನಂದು.