ಬಾದಾಮಿ ಉಸುಕು, ಗಡಿಯಾರದ ಹರಳು

[ದೃಶ್ಯ: ಬಾದಾಮಿ ಗುಡ್ಡದ ಬುಡ. ಅಂಗೈಯಾಗ ಕೆಂಪು ಉಸುಕು]

ನಮಸ್ಕಾರ್ರಿ. ಈ ಮರಳುಗಲ್ಲಿನಿಂದ ಉದುರಿದ ಉಸುಕು ಬಹುತೇಕ ಬೆಣಚುಕಲ್ಲಿನ ಕಾಳು. ಕೆಂಪು ಬಣ್ಣ ಕಬ್ಬಿಣದ್ದು. ನಿಮ್ಮ ಗ್ವಾಡಿ ಗಡಿಯಾರದ ಮ್ಯಾಲೆ 'ಕ್ವಾರ್ಟ್ಜ್' ಅಂತ ಬರದಿರತೈತಲ್ಲ, ಅದೂ ಇದ.

"ಹಂಗಾರ ಗಡಿಯಾರದ ಹರಳು ಮಾಡಾಕ ಉಸುಕು ಕರಗಿಸಿ ಎರಕ ಹೊಯ್ದ್ರ ಆತಲ್ಲ?" ಅಂದ ನಮ್ಮ ಕ್ಯಾಮೆರಾ ಹುಡುಗ. ಆಗಂಗಿಲ್ಲಪ. ಸುಮಾರು 1,700 ಡಿಗ್ರಿಗೆ ಕರಗತೈತಿ ಖರೆ, ತಣ್ಣಗಾದ್ರ ಸಿಗೂದು ಗಾಜು. ಪರಮಾಣುಗಳ ಸಾಲು ಕೆಟ್ಟಿರತೈತಿ, ಹರಳಿನಂಗ ಒತ್ತಿದ್ರ ಕರೆಂಟ್ ಹುಟ್ಟಂಗಿಲ್ಲ. 1880ರಾಗ ಫ್ರಾನ್ಸಿನ ವಿಜ್ಞಾನಿಗಳು ಕ್ಯೂರಿ ಅಣ್ತಮ್ಮಂದಿರು ಕಂಡ ಆ ಗುಣನ ಹೋದ್ರ ರೇಡಿಯೋಕ್ಕೂ ಬ್ಯಾಡ, ಗಡಿಯಾರಕ್ಕೂ ಬ್ಯಾಡ. ಮತ್ತ 573 ಡಿಗ್ರಿ ದಾಟಿದ್ರ ಹರಳಿನ ಒಳಗಿನ ಕಟ್ಟೋಣನ ಬದಲಾಗತೈತಿ. ಅದಕ್ಕ ಅದರ ಕೆಳಗ ಇದ್ದುಕೊಂಡ, ನೀರಾಗ ಬೆಳಸಬೇಕು.

ಮುಧೋಳ, ಜಮಖಂಡಿ ಕಡೆ ಸಕ್ಕರಿ ಕಾರ್ಖಾನಿಯಾಗ ದುಡಿದವರಿಗೆ ಇದು ತಿಳೀತೈತಿ. ಪಾಕಕ್ಕ ಸಣ್ಣ ಸಕ್ಕರಿ ಬೀಜ ಬಿಟ್ಟ ಹರಳು ಕಟ್ಟಸ್ತಾರಲ್ಲ, ಹಂಗ.

[ದೃಶ್ಯ: ಹಾಳಿ ಮ್ಯಾಲೆ ಪೆನ್ಸಿಲ್ ಚಿತ್ರ]

ಇದು ದಪ್ಪ ಉಕ್ಕಿನ ಕೊಳವಿ, ಆಟೋಕ್ಲೇವ್. ತಳದಾಗ ಶುದ್ಧ ಬೆಣಚುಕಲ್ಲಿನ ಚೂರು. ಬರೇ ನೀರಿಗೆ ಅದು ಸುಲಭಕ್ಕ ಕರಗಂಗಿಲ್ಲ, ಅದಕ್ಕ ಕಾಸ್ಟಿಕ್ ಸೋಡಾ ಇಲ್ಲಾ ವಾಷಿಂಗ್ ಸೋಡಾ ಕೂಡಸ್ತಾರ. ನಡುವ ತೂತಿನ ತಟ್ಟಿ. ಮ್ಯಾಲೆ ತಂತಿಗೆ ಕಟ್ಟಿದ ತೆಳು ಹರಳಿನ ಹಲಗಿ, ಅವ ಬೀಜ. ತಳಕ್ಕ ಸುಮಾರು 400 ಡಿಗ್ರಿ ಕಾವು, ಮ್ಯಾಲೆ ಸ್ವಲ್ಪ ಕಡಿಮಿ. ಒಳಗ ನಮ್ಮ ಸುತ್ತಲಿನ ಗಾಳಿ ಒತ್ತಡದ 1,000 ಪಟ್ಟಿಗೂ ಮೀರಿದ ಒತ್ತಡ. ನಿಮ್ಮ ಕುಕ್ಕರ್ ಸೀಟಿ ಹೊಡಿಯೂದು ಎರಡು ಪಟ್ಟಿನ ಹತ್ರ! ಕಲ್ಲು ಕರಗಿದ ಬಿಸಿನೀರು ಮ್ಯಾಲೆ ಏರತೈತಿ, ತುಸು ಆರತೈತಿ, ಹೊತ್ತದ್ದನ್ನ ಬೀಜದ ಮ್ಯಾಲೆ ಇಳಿಸಿ ಮತ್ತ ಕೆಳಗ ಬರತೈತಿ.

ದಿನಕ್ಕ ಒಂದು ಮಿಲಿಮೀಟರ್ ಬೆಳದ್ರ ದೊಡ್ಡದು. ದೊಡ್ಡ ಹರಳಿಗೆ ತಿಂಗಳುಗಟ್ಟಲೆ ಕಾಯಬೇಕು, ನಡುವ ಮುಚ್ಚಳ ತಗದು ಇಣುಕಂಗಿಲ್ಲ. ಅವಸರ ಮಾಡಿದ್ರ ಕಸ ಒಳಗ ಸಿಗತೈತಿ. ಬೀಜದಾಗ ದೋಷ ಇದ್ರ ಬೆಳಿಯೊಳಗೂ ಇಳೀತೈತಿ. ರೈತರಿಗೆ ಇದನ್ನ ನಾ ಹೇಳಬೇಕೇನ್ರಿ?

ಇಟಲಿಯ ಟುರಿನ್‌ದಾಗ ಸ್ಪೆಜಿಯಾ ಅನ್ನೋ ವಿಜ್ಞಾನಿ ಇಪ್ಪತ್ತನೇ ಶತಮಾನದ ಸುರುವಿನಾಗನ ಹಿಂಗ ಬೆಳಸಿ ತೋರಿಸಿದ್ರು. ಎರಡನೇ ಮಹಾಯುದ್ಧದಾಗ ರೇಡಿಯೋಕ್ಕ ಅಮೆರಿಕ ಬ್ರೆಜಿಲ್ ಗಣಿ ಹರಳು ನಂಬಿತ್ತು. ಯುದ್ಧದ ನಂತರ ಅಲ್ಲಿಯ ಟೆಲಿಫೋನ್ ಕಂಪನಿಯ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಈ ಪದ್ಧತಿ ಪಕ್ಕಾ ಮಾಡಿದ್ರು.

[ದೃಶ್ಯ: ಬಿಚ್ಚಿದ ಹಳೇ ಗಡಿಯಾರ]

ಇದು ನಮ್ಮವ್ವನ ಅಡಗಿ ಮನಿದು. ಇಲ್ಲಿ ನೋಡ್ರಿ, ಅಕ್ಕಿಕಾಳಿಗಿಂತ ತುಸು ದಪ್ಪ ಬೆಳ್ಳಿಬಣ್ಣದ ಡಬ್ಬಿ. ಇದರೊಳಗ ಎರಡು ಕಾಲಿನ ಚಿಮಟಿಗಿ ಹಂಗ ಕೊರದ ಹರಳು, ಸೆಲ್ಲಿನ ಕರೆಂಟ್ ಕೊಟ್ರ ಸೆಕೆಂಡಿಗೆ 32,768 ಸಲ ನಡಗತೈತಿ. ಅದನ್ನ 15 ಸಲ ಅರ್ಧ ಮಾಡ್ರಿ, ಒಂದ ಉಳೀತೈತಿ. ಅದ ಒಂದು ಸೆಕೆಂಡಿನ ಮುಳ್ಳು ದೂಡತೈತಿ.

ಹೊಸ ಸೆಲ್ ಹಾಕಿದ್ರೂ ಇದು ನಡೀವಲ್ದು. ಹರಳು ಚಲೋ ಐತಿ, ಪ್ಲಾಸ್ಟಿಕ್ ಗಾಲಿ ಹಲ್ಲು ಮುರದೈತಿ.