ಎರಡನೇ ಬೇಸ್ ಮುಟ್ಟದ ಹುಡುಗ

ಕೇಳುಗರಿಗೆಲ್ಲ ನಮಸ್ಕಾರ.

ಗೆದ್ದೆವು ಅಂತ ಕುಣಿದ ತಂಡಕ್ಕೆ ಅದೇ ಸಂಜೆ, ಇಲ್ಲ, ನೀವು ಗೆದ್ದಿಲ್ಲ, ಪಂದ್ಯ ಟೈ ಅಂದರೆ ಹೇಗಿರುತ್ತದೆ? 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಹಾಗೇ ಆಯಿತು. ನ್ಯೂಯಾರ್ಕ್ ಜೈಂಟ್ಸ್ ಮತ್ತು ಶಿಕಾಗೊ ಕಬ್ಸ್ ನಡುವಿನ ಬೇಸ್‌ಬಾಲ್ ಪಂದ್ಯ ಅದು. ಸೀಸನ್ ಮುಗಿಯುವ ಹೊತ್ತು, ಲೀಗ್ ಪಟ್ಟಕ್ಕೆ ಜಿದ್ದಾಜಿದ್ದಿ.

ಜೈಂಟ್ಸ್‌ನ ಫ್ರೆಡ್ ಟೆನ್ನಿಗೆ ಅವತ್ತು ಬೆನ್ನುನೋವು. ಅವನ ಜಾಗಕ್ಕೆ ಬಂದವನು ಫ್ರೆಡ್ ಮರ್ಕಲ್. ವಯಸ್ಸು ಬರೀ 19.

ಒಂಬತ್ತನೇ ಇನ್ನಿಂಗ್ಸಿನ ಕೊನೆ. ಸ್ಕೋರ್ 1-1. ಜೈಂಟ್ಸ್‌ನ ಇಬ್ಬರು ಔಟ್, ಮೂರನೆಯವನು ಔಟಾದರೆ ಇನ್ನಿಂಗ್ಸ್ ಮುಗಿಯಿತು. ಬೇಸ್ ಅಂದರೆ ಓಟಗಾರ ಒಂದೊಂದಾಗಿ ಮುಟ್ಟಬೇಕಾದ ಗುರುತು; ಮೂರನ್ನೂ ಮುಟ್ಟಿ ಹೊಡೆಯುವ ಜಾಗಕ್ಕೆ, ಅಂದರೆ ಹೋಮ್ ಪ್ಲೇಟಿಗೆ, ಮರಳಿದರೆ ಒಂದು ರನ್. ಮೊದಲ ಬೇಸ್‌ನಲ್ಲಿ ಮೆಕಾರ್ಮಿಕ್ ನಿಂತಿದ್ದ. ಮರ್ಕಲ್ ಬಲಗಡೆ ಚೆನ್ನಾಗಿ ಹೊಡೆದ, ಮೆಕಾರ್ಮಿಕ್ ಮೂರನೇ ಬೇಸ್ ತಲುಪಿದ. ಮುಂದೆ ಬಂದ ಬ್ರಿಡ್‌ವೆಲ್ ಹೊಡೆದ ಚೆಂಡು ಎಷ್ಟು ರಭಸವಾಗಿತ್ತೆಂದರೆ, ಅಂಪೈರ್ ಎಮ್ಸ್ಲಿ ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದರು. ಮೆಕಾರ್ಮಿಕ್ ಆರಾಮಾಗಿ ಹೋಮ್ ಪ್ಲೇಟಿಗೆ ಬಂದ. 2-1! ಜನ ಮೈದಾನಕ್ಕೆ ನುಗ್ಗಿದರು.

ಮೊದಲ ಬೇಸ್‌ನಿಂದ ಹೊರಟಿದ್ದ ಮರ್ಕಲ್ ಜನ ನುಗ್ಗುವುದನ್ನು ನೋಡಿ, ಎರಡನೇ ಬೇಸ್ ಮುಟ್ಟದೆ ಆಟಗಾರರ ಕೊಠಡಿ ಕಡೆ ತಿರುಗಿದ. ಕ್ರಿಕೆಟ್ಟಿನಲ್ಲಿ ಗೆಲುವಿನ ರನ್ ಓಡುತ್ತಿರುವ ನಾನ್-ಸ್ಟ್ರೈಕರ್ ಕ್ರೀಸ್ ಮುಟ್ಟದೆ ಪೆವಿಲಿಯನ್ನಿಗೆ ಹೊರಟಂತೆ. ಆಗೆಲ್ಲ ಆಟಗಾರರು ಹೀಗೇ ಮಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಆದರೆ ನಿಯಮ ಬೇರೆ. ಹೊಡೆದ ಬ್ರಿಡ್‌ವೆಲ್ ಮೊದಲ ಬೇಸಿಗೆ ಬರುವುದರಿಂದ ಮರ್ಕಲ್ ಎರಡನೆಯದಕ್ಕೆ ಹೋಗಲೇಬೇಕು. ಮರ್ಕಲ್ ಬರುವ ಮೊದಲು ಎದುರಾಳಿ ಚೆಂಡು ಹಿಡಿದು ಎರಡನೇ ಬೇಸ್ ತುಳಿದರೆ ಅವನು ಔಟ್. ಅದು ಮೂರನೇ ಔಟ್ ಆದ್ದರಿಂದ ಆ ರನ್ನೂ ಲೆಕ್ಕಕ್ಕಿಲ್ಲ.

ಈ ನಿಯಮ ನೆನಪಿಟ್ಟುಕೊಂಡಿದ್ದವನು ಕಬ್ಸ್‌ನ ಜಾನಿ ಎವರ್ಸ್. ಅದಕ್ಕೆ ಕಾರಣವೂ ಇತ್ತು. ಅದೇ ತಿಂಗಳ 4ರಂದು ಪಿಟ್ಸ್‌ಬರ್ಗ್ ವಿರುದ್ಧ ಥೇಟ್ ಇದೇ ಥರ ಆಗಿತ್ತು. ಎವರ್ಸ್ ತಕರಾರು ತೆಗೆದಾಗ ಅಂಪೈರ್ ಹ್ಯಾಂಕ್ ಓ'ಡೇ ತಾವು ಅದನ್ನು ನೋಡಲಿಲ್ಲ ಎಂದು ಬಿಟ್ಟಿದ್ದರು. ಈಗ ಪೋಲೋ ಗ್ರೌಂಡ್ಸ್‌ನಲ್ಲೂ ಅದೇ ಓ'ಡೇ. ಈ ಸಲ ಅವರು ಕಣ್ಣಿಟ್ಟು ನೋಡುತ್ತಿದ್ದರು.

ಚೆಂಡು ಕೊಡಿ ಅಂತ ಎವರ್ಸ್ ಕೂಗಿದ. ಜೈಂಟ್ಸ್‌ನ ಮೆಕ್‌ಗಿನಿಟಿ ಅದನ್ನು ಕಸಿದು ಜನರ ನಡುವೆ ಎಸೆದನಂತೆ. ಆದರೂ ಎವರ್ಸ್ ಕೈಗೆ ಒಂದು ಚೆಂಡು ಬಂತು. ಅದು ಅದೇ ಚೆಂಡೋ ಬೇರೆಯದೋ, ಇವತ್ತಿಗೂ ವಾದ ಮುಗಿದಿಲ್ಲ. ಎರಡನೇ ಬೇಸ್ ಮೇಲೆ ನಿಂತು ಎವರ್ಸ್ ಅಪೀಲ್ ಮಾಡಿದ. ಓ'ಡೇ ಮರ್ಕಲ್ ಔಟ್ ಎಂದರು. ಮೈದಾನದ ತುಂಬ ಜನ, ಜೊತೆಗೆ ಕತ್ತಲಾಗುತ್ತಿತ್ತು. ಆಟ ಮುಂದುವರಿಸುವ ಮಾತೇ ಇರಲಿಲ್ಲ. ಪಂದ್ಯ ಟೈ ಆಯಿತು. ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಮ್ ಕೂಡ ಅದನ್ನೇ ಎತ್ತಿಹಿಡಿದರು.

ನಿಯಮದ ಪ್ರಕಾರ ಓ'ಡೇ ಮಾಡಿದ್ದು ಸರಿ ಅಂತಲೇ ನನಗನ್ನಿಸುತ್ತದೆ. ಎವರ್ಸ್‌ನ ಜಾಣತನಕ್ಕಂತೂ ಶಭಾಷ್ ಅನ್ನಲೇಬೇಕು. ಆದರೆ ಎಲ್ಲರೂ ಮಾಡುತ್ತಿದ್ದ ತಪ್ಪಿಗೆ ಒಬ್ಬ ಹುಡುಗನನ್ನು ಹಿಡಿದು ದಡ್ಡ ಅಂದದ್ದು ಸರಿಯಲ್ಲ, ಅಲ್ವಾ?

ಸೀಸನ್ ಕೊನೆಗೆ ಎರಡೂ ತಂಡಗಳದ್ದು 98 ಗೆಲುವು, 55 ಸೋಲು. ಹಾಗಾಗಿ ಅಕ್ಟೋಬರ್ 8ರಂದು ಮತ್ತೆ ಆಡಬೇಕಾಯಿತು. ಜೈಂಟ್ಸ್ ಪರ ಹೆಸರಾಂತ ಪಿಚರ್, ಅಂದರೆ ಚೆಂಡು ಎಸೆಯುವವನು, ಕ್ರಿಸ್ಟಿ ಮ್ಯಾಥ್ಯೂಸನ್. ಕಬ್ಸ್ ಪರ ಮೊದಲ ಇನ್ನಿಂಗ್ಸಿನಲ್ಲೇ ಚೆಂಡು ಕೈಗೆತ್ತಿಕೊಂಡವನು ಮೊರ್ಡೆಕೈ ಬ್ರೌನ್. ಚಿಕ್ಕಂದಿನಲ್ಲಿ ಜಮೀನಿನ ಯಂತ್ರಕ್ಕೆ ಸಿಕ್ಕಿ ತೋರುಬೆರಳು ಕಳೆದುಕೊಂಡಿದ್ದ ಬ್ರೌನನ ಚೆಂಡು ವಿಚಿತ್ರವಾಗಿ ತಿರುಗುತ್ತಿತ್ತು. ಕಬ್ಸ್ 4-2ರಲ್ಲಿ ಗೆದ್ದಿತು, ಆಮೇಲೆ ಎರಡು ದೊಡ್ಡ ಲೀಗ್‌ಗಳ ಚಾಂಪಿಯನ್ನರು ಸೆಣಸುವ ವರ್ಲ್ಡ್ ಸೀರೀಸನ್ನೂ ಗೆದ್ದಿತು.

ಜೈಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾ ಮಾತ್ರ ಹುಡುಗನನ್ನು ಬೈಯಲಿಲ್ಲ. ಅವನನ್ನು ತಂಡದಲ್ಲೇ ಉಳಿಸಿಕೊಂಡರು. ಆ ದಡ್ಡ ಅನ್ನುವ ಅಡ್ಡಹೆಸರು ಬೆನ್ನು ಬಿಡದಿದ್ದರೂ ಮರ್ಕಲ್ ದೊಡ್ಡ ಲೀಗಿನಲ್ಲಿ ಒಟ್ಟು 16 ಸೀಸನ್ ಆಡಿದ. ಕಬ್ಸ್ ಪರವಾಗಿಯೂ ಆಡಿದ, 1918ರಲ್ಲಿ ಅವರ ಜೊತೆ ವರ್ಲ್ಡ್ ಸೀರೀಸಿಗೂ ಹೋದ. ಕಬ್ಸ್ ಅದನ್ನು ಸೋತಿತು. ಮುಂದಿನ ವರ್ಲ್ಡ್ ಸೀರೀಸ್ ಕಪ್ ಅವರಿಗೆ ಸಿಕ್ಕಿದ್ದು 2016ರಲ್ಲಿ.

ನಮಸ್ಕಾರ.